ಆ ಬ್ಯಾಂಡ್ ನಿಮಗೆ ಕೊಟ್ಟವರು ಯಾರು?

(ತುಮಕೂರಿನಲ್ಲಿ ಹಾಡು ಕೇಳುವ ಗೆಳೆಯರ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಹಾಡು ಹಾಕಿದ ಕಡೆ ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಾಜ್‌ಕುಮಾರ್ ಹಾಡನ್ನು ನೀವು ಮೊದಲ ಸಲ ಕೇಳಿದ್ದು ಎಲ್ಲಿ? ಯಾರು ಕೇಳಿಸಿದರು? ನೆನಪಿದೆಯಾ? ಯಾರಿಗೂ ಇರುವುದಿಲ್ಲ. ಗಣೇಶನ ಪೆಂಡಾಲಿನಲ್ಲಿ ಕೇಳಿರುತ್ತೀರಿ, ಮದುವೆ ಮನೆಯಲ್ಲಿ ಕೇಳಿರುತ್ತೀರಿ, ಶಿರಾಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಕೇಳಿರುತ್ತೀರಿ. ಹುಟ್ಟಿದಾಗಿನಿಂದ ಕಿವಿಗೆ ಬೀಳುತ್ತಲೇ ಇತ್ತು. ಅದನ್ನು ಯಾರೂ ತಂದು ನಿಮ್ಮ ಕೈಗೆ ಕೊಡಬೇಕಾಗಿರಲಿಲ್ಲ.

ಈಗ ಪ್ರೊಗ್ರೆಸಿವ್ ರಾಕ್ ಕೇಳುವವನೊಬ್ಬನನ್ನು ಹಿಡಿದು ಇದೇ ಪ್ರಶ್ನೆ ಕೇಳಿ. ಇಸವಿ ಹೇಳುತ್ತಾನೆ. ಯಾವ ರೂಮು, ಯಾವ ಟೇಪ್ ರೆಕಾರ್ಡರ್ ಅಂತ ಹೇಳುತ್ತಾನೆ. ಕ್ಯಾಸೆಟ್ ಕೊಟ್ಟವನು ಈಗ ಎಲ್ಲಿದ್ದಾನೆ, ಎಷ್ಟು ಮಕ್ಕಳು, ಅದನ್ನೂ ಹೇಳುತ್ತಾನೆ. ಅರ್ಧ ಗಂಟೆ ನಿಮ್ಮನ್ನು ಬಿಡುವುದಿಲ್ಲ. ಇಂಥ ಕಥೆಗಳನ್ನು ನಾನು ತುಂಬಾ ಕೇಳಿದ್ದೇನೆ, ಸುಮಾರು ಹೇಳಿಯೂ ಇದ್ದೇನೆ. ಅದರಿಂದ ನನಗೆ ಅನ್ನಿಸಿದ್ದು ಇಷ್ಟು. ಈ ಸಂಗೀತ ತಾನಾಗಿ ಬರುವುದಿಲ್ಲ, ಯಾರೋ ಕೊಡಬೇಕು. ಕೊಟ್ಟ ಮೇಲೂ ಒಂದೇ ಸಲಕ್ಕೆ ಹಿಡಿಸುವುದಿಲ್ಲ.

ಈ ಪ್ರೊಗ್ರೆಸಿವ್ ರಾಕ್, ಚಿಕ್ಕದಾಗಿ ಪ್ರಾಗ್, ಅಂದರೆ ಏನು ಅಂತ ಕೇಳುವವರು ಇಲ್ಲೂ ಇದ್ದೀರಿ. ಬೇಗ ಹೇಳಿಬಿಡುತ್ತೇನೆ. 1960ರ ದಶಕದ ಕೊನೆಗೆ ಇಂಗ್ಲೆಂಡಿನ ಕೆಲವು ಹುಡುಗರಿಗೆ ಮೂರು ನಿಮಿಷದ ಹಾಡು ಸಾಲದು ಅನ್ನಿಸಿತು. ಚರ್ಚಿನ ಆರ್ಗನ್, ಜಾಝ್, ಹಳೇ ಜನಪದ ಹಾಡು, ಆರ್ಕೆಸ್ಟ್ರಾ, ಎಲ್ಲವನ್ನೂ ರಾಕ್ ಒಳಗೆ ಎಳೆದು ತಂದರು. 1969ರ ಅಕ್ಟೋಬರಿನಲ್ಲಿ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಮೊದಲ ರೆಕಾರ್ಡ್ ಬಂತು. ಅದೇ ಕಾಲದಲ್ಲಿ ಯೆಸ್, ಜೆನೆಸಿಸ್, ಜೆತ್ರೋ ಟಲ್, ಎಮರ್ಸನ್ ಲೇಕ್ ಅಂಡ್ ಪಾಮರ್. ಆ ಕಡೆ ಕೆನಡಾದಲ್ಲಿ ರಷ್. ಪಿಂಕ್ ಫ್ಲಾಯ್ಡ್ ಈ ಗುಂಪಿಗೆ ಸೇರುತ್ತದೋ ಇಲ್ಲವೋ ಅಂತ ಜಗಳ ಆಡುವವರು ಇದ್ದಾರೆ. ನಾನು ಸೇರಿಸಿಕೊಂಡೇ ಮಾತಾಡುತ್ತೇನೆ. ತಕರಾರು ಇದ್ದವರು ಕಾಫಿ ಹೊತ್ತಿಗೆ ಸಿಗಿ.

ಯಾರೋ ಕೊಡಬೇಕು ಅಂದೆನಲ್ಲ, ಯಾಕೆ ಅಂತ ತೋರಿಸುವುದಕ್ಕೆ ಸಭೆಯಲ್ಲಿ ಪಿಂಕ್ ಫ್ಲಾಯ್ಡ್‌ನ 1975ರ ರೆಕಾರ್ಡ್ ಹಾಕಿದೆ. ಮೊದಲ ಹಾಡು, 'ಶೈನ್ ಆನ್ ಯೂ ಕ್ರೇಜಿ ಡೈಮಂಡ್'. 30 ಸೆಕೆಂಡಿಗೆ ನಿಲ್ಲಿಸಿ ಏನು ಕೇಳಿಸಿತು ಅಂತ ಕೇಳಿದೆ. ಮುಂದಿನ ಸಾಲಿನಿಂದ ಒಬ್ಬರು ಅಂದರು, "ಇನ್ನೂ ಏನೂ ಶುರುವಾಗಿಲ್ಲವಲ್ಲ!"

ಸರಿಯಾಗಿಯೇ ಹೇಳಿದರು. ಅಲ್ಲಿ ಇರುವುದು ನಿಧಾನವಾಗಿ ಏರುವ ಕೀಬೋರ್ಡ್ ನಾದ ಮಾತ್ರ. ಎಲ್ಲರೂ ಗುನುಗುವ ನಾಲ್ಕು ಸ್ವರದ ಗಿಟಾರ್ ಬರುವುದಕ್ಕೆ ಸುಮಾರು ನಾಲ್ಕು ನಿಮಿಷ ಬೇಕು. ಹಾಡುವ ದನಿ ಕೇಳುವ ಹೊತ್ತಿಗೆ ಎಂಟು ನಿಮಿಷ ದಾಟಿರುತ್ತದೆ. ಈಗ ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಹಾಗಾಗಿ ಇವತ್ತಿನ ಹಾಡು ಬಾಗಿಲು ತೆಗೆದ ತಕ್ಷಣ ವಿಷಯಕ್ಕೆ ಬಂದುಬಿಡುತ್ತದೆ. ಈ ಹಾಡು ಆ 30 ಸೆಕೆಂಡಿನಲ್ಲಿ ಇನ್ನೂ ಗಂಟಲು ಸರಿ ಮಾಡಿಕೊಳ್ಳುತ್ತಿರುತ್ತದೆ. ಇದನ್ನು ತಾನಾಗಿ ಹಾಕಿಕೊಂಡವನು ಬೆರಳು ಆಡಿಸಿ ಮುಂದೆ ಹೋಗುತ್ತಾನೆ. ಅವನ ತಪ್ಪೇನೂ ಇಲ್ಲ. "ಸ್ವಲ್ಪ ತಾಳು, ನಾಲ್ಕನೇ ನಿಮಿಷಕ್ಕೆ ಒಂದು ಮಜಾ ಇದೆ" ಅನ್ನುವವರು ಪಕ್ಕದಲ್ಲಿ ಇಲ್ಲ, ಅಷ್ಟೇ.

ನನಗೆ ಹಾಗೆ ಹೇಳಿದವನು ದೊಡ್ಡಪ್ಪನ ಮಗ. ನನಗಿಂತ ದೊಡ್ಡವನು, ಅಣ್ಣ ಅಂತಲೇ ಕರೆಯುವುದು. 90ರ ದಶಕದಲ್ಲಿ ನಮ್ಮೂರಿನ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದ. ಮನೆ ಇಲ್ಲೇ ಇದ್ದರೂ ಹಠ ಮಾಡಿ ಹಾಸ್ಟೆಲ್ ಸೇರಿದ್ದ, ಅದು ಬೇರೆ ಕಥೆ. ಅವನ ರೂಮಿನಲ್ಲಿ ಶಿಲ್ಲಾಂಗಿನ ಹುಡುಗನೊಬ್ಬ ಇದ್ದ. ಈಶಾನ್ಯದ ಹುಡುಗರು ಟ್ರಂಕಿನಲ್ಲಿ ಬಟ್ಟೆಗಿಂತ ಜಾಸ್ತಿ ಕ್ಯಾಸೆಟ್ ತರುತ್ತಿದ್ದ ಕಾಲ. ಅವನ ಕ್ಯಾಸೆಟ್‌ಗಳು ಇಡೀ ಬ್ಲಾಕ್ ಸುತ್ತುತ್ತಿದ್ದವು. ಅಣ್ಣ ಅವನ್ನು ಡಬಲ್ ಡೆಕ್‌ನಲ್ಲಿ ಕಾಪಿ ಮಾಡಿಕೊಂಡ. ನನಗೆ ಸಿಕ್ಕಿದ್ದು ಆ ಕಾಪಿಯ ಕಾಪಿ. ಡ್ರಮ್ಸ್ ಸದ್ದು ಗೋಣಿಚೀಲದ ಒಳಗಿಂದ ಬಂದಂತೆ ಇತ್ತು.

ಆ ಕ್ಯಾಸೆಟ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ನಮ್ಮ ಕಡೆ ಸುಮಾರು ಜನರ ಪ್ರಾಗ್ ಶಿಕ್ಷಣ ಆಗಿದ್ದೇ ಅಂಥವುಗಳಲ್ಲಿ. 90 ನಿಮಿಷದ ಬ್ಲಾಂಕ್ ಕ್ಯಾಸೆಟ್, ಒಂದೊಂದು ಸೈಡಿಗೆ 45 ನಿಮಿಷ. ಜೆತ್ರೋ ಟಲ್ 1972ರಲ್ಲಿ 'ಥಿಕ್ ಆ್ಯಸ್ ಎ ಬ್ರಿಕ್' ಅಂತ ಒಂದು ರೆಕಾರ್ಡ್ ಮಾಡಿದರು. ಇಡೀ ರೆಕಾರ್ಡಿಗೆ ಒಂದೇ ಹಾಡು, ಸುಮಾರು 44 ನಿಮಿಷ. ಗ್ರಾಮಫೋನ್ ತಟ್ಟೆಯಲ್ಲಾದರೆ ಅರ್ಧಕ್ಕೆ ಎದ್ದು ಮಗುಚಿ ಹಾಕಬೇಕು. ನಮ್ಮ ಕ್ಯಾಸೆಟ್ಟಿನಲ್ಲಿ ಒಂದೇ ಸೈಡಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತ್ತು. ಇನ್ನೊಂದು ಸೈಡ್ ಖಾಲಿ ಬಿಡುವುದು ದಂಡ ಅಂತ ಯಾರೋ ಹಂಸಲೇಖ ಹಾಡು ತುಂಬಿಸಿದ್ದರು. ಹಾಗಾಗಿ ನನ್ನ ತಲೆಯಲ್ಲಿ ಇವತ್ತಿಗೂ ಜೆತ್ರೋ ಟಲ್‌ನ ಇಯಾನ್ ಆ್ಯಂಡರ್ಸನ್ ಕೊಳಲು ಮುಗಿದ ಮೇಲೆ ರವಿಚಂದ್ರನ್ ಪಿಕ್ಚರಿನ ಕೋರಸ್ ಬರಬೇಕು. ಬರದಿದ್ದರೆ ಏನೋ ಕಮ್ಮಿ ಅನ್ನಿಸುತ್ತದೆ.

ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಎಸಳು ಇರುತ್ತಿದ್ದವು, ಗೊತ್ತಲ್ವಾ? ಅದನ್ನು ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಅಣ್ಣ ಜೋಪಾನವಾಗಿ ಮುರಿದಿದ್ದ. ನಮ್ಮ ಮನೆಯಲ್ಲಿ ಯಾರಿಗೋ ದೇವರ ನಾಮ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು, ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದರು. 44 ನಿಮಿಷದ ಹಾಡಿನ ನಡುವೆ ಸುಮಾರು ಹೊತ್ತು ಪುರಂದರದಾಸರು ಬಂದು ಹೋದರು. ಆ ಭಾಗದಲ್ಲಿ ಏನಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಸಿ.ಡಿ. ಕೊಂಡಾಗ.

ಮೊದಲ ಸಲ ಹಿಡಿಸಿತಾ? ಇಲ್ಲ. ಈ ಸಂಗೀತ ಹೊಸ ಚಪ್ಪಲಿಯ ಹಾಗೆ ಮೊದಲು ಕಚ್ಚುತ್ತದೆ. ಅಣ್ಣನಿಗೆ ಬೇಜಾರಾಗಬಾರದು ಅಂತ "ಚೆನ್ನಾಗಿದೆ" ಅಂದೆ, ಬೀರುವಿನ ಮೇಲೆ ಎಸೆದೆ. ಹಿಡಿಸಿದ್ದು ಮುಂದೆ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವ ಕೆಲಸ ಸಿಕ್ಕಾಗ.

ತುಮಕೂರಿನಿಂದ ಬೆಳಗಿನ ಗಾಡಿ ಹಿಡಿದವರಿಗೆ ಗೊತ್ತು. ಆಗ ಜೋಡಿ ಹಳಿ ಇರಲಿಲ್ಲ. ನಿಡವಂದದಲ್ಲೋ ಗೊಲ್ಲಹಳ್ಳಿಯಲ್ಲೋ ಕ್ರಾಸಿಂಗ್ ಅಂತ ಗಾಡಿ ನಿಂತರೆ ನಿಂತೇಬಿಟ್ಟಿತು. ಇಸ್ಪೀಟ್ ಆಡುವವರು ಆಡುತ್ತಾರೆ, ಹೂವಿನವರು ಬುಟ್ಟಿ ಮೇಲೆ ತಲೆ ಇಟ್ಟು ಮಲಗುತ್ತಾರೆ. ನನ್ನ ಹತ್ತಿರ ವಾಕ್‌ಮನ್ ಇತ್ತು, ಎರಡು ಪೆನ್ಸಿಲ್ ಸೆಲ್ ಹಾಕುವಂಥದ್ದು. ಅದರಲ್ಲಿ ಫಾರ್ವರ್ಡ್ ಬಟನ್ ಒತ್ತಿದರೆ ಸೆಲ್ ಬೇಗ ಹೋಗುತ್ತದೆ. ಹಾಡಿಗಿಂತ ಓಡಿಸುವುದಕ್ಕೇ ಜಾಸ್ತಿ ಕರೆಂಟ್ ಬೇಕು. ಹಾಗಾಗಿ ಬೇಸರವಾದರೂ ಮುಂದೆ ಓಡಿಸುವ ಹಾಗಿಲ್ಲ. ಬರುವುದನ್ನೆಲ್ಲ ಕೇಳಬೇಕು. ಕೇಳಿದೆ. ಸುಮಾರು ದಿನ ಹೀಗೆ ಹೋದ ಮೇಲೆ ಗೊಲ್ಲಹಳ್ಳಿಯಲ್ಲಿ ಗಾಡಿ ನಿಂತಾಗ, ಮೊದಲು ಗಲಾಟೆ ಅನ್ನಿಸಿದ್ದ ಜಾಗದಲ್ಲಿ ಮುಂದೆ ಯಾವ ಸ್ವರ ಬರುತ್ತದೆ ಅಂತ ನನಗೇ ಗೊತ್ತಿತ್ತು. ಅದಕ್ಕೆ ಕಾಯುತ್ತಿದ್ದೆ. ಎದುರು ಗಾಡಿ ಬಂದು ನಮ್ಮ ಗಾಡಿ ಹೊರಟಿತು, ನನಗೆ ಹೊರಡುವುದೇ ಬೇಡವಾಗಿತ್ತು.

ನಮ್ಮನ್ನು ಅಭಿಮಾನಿ ಮಾಡಿದ್ದರಲ್ಲಿ ಸೆಲ್ ಉಳಿಸುವ ಜಿಪುಣತನಕ್ಕೂ ಪಾಲು ಇದೆ ಅಂತ ನಾನು ನಂಬಿದ್ದೇನೆ. ನಮಗೆ ಅಭಿರುಚಿ ಜಾಸ್ತಿ ಇತ್ತು, ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಅನ್ನುವುದೆಲ್ಲ ಸುಳ್ಳು. ನಮಗೆ ದಾಟಿ ಹೋಗುವ ದಾರಿ ಇರಲಿಲ್ಲ.

ಕೊಡುವವರು ಯಾವಾಗಲೂ ಅಣ್ಣನೇ ಆಗಬೇಕು ಅಂತಿಲ್ಲ. ರಷ್ ಬ್ಯಾಂಡಿನ ಕಥೆ ನೋಡಿ. 1974ರಲ್ಲಿ ಟೊರಾಂಟೊ ಕಡೆಯ ಮೂವರು ಹುಡುಗರು ಯಾವ ಕಂಪನಿಯೂ ಮುಟ್ಟದಿದ್ದಾಗ ತಾವೇ ಒಂದು ರೆಕಾರ್ಡ್ ಹೊರತಂದರು. ಅದರ ಒಂದು ಪ್ರತಿ ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಒಂದು ರೇಡಿಯೋ ಸ್ಟೇಷನ್ನಿಗೆ ಹೋಯಿತು. ಅಲ್ಲಿ ಹಾಡು ಆರಿಸುವ ಕೆಲಸ ಡೋನಾ ಹಾಲ್ಪರ್ ಅವರದು. 'ವರ್ಕಿಂಗ್ ಮ್ಯಾನ್' ಅನ್ನುವ ಏಳು ನಿಮಿಷದ ಹಾಡು ಅವರ ಕಣ್ಣಿಗೆ ಬಿತ್ತು. ಬೆಳಗ್ಗೆ ಏಳುವುದು, ಕೆಲಸಕ್ಕೆ ಹೋಗುವುದು, ಸಾಯಂಕಾಲ ಮನೆಗೆ ಬರುವುದು, ಹಾಡಿನಲ್ಲಿ ಇರುವುದು ಇಷ್ಟೇ. ಕ್ಲೀವ್‌ಲ್ಯಾಂಡ್ ಕಾರ್ಖಾನೆಗಳ ಊರು. ಹಾಡು ಹೋದ ತಕ್ಷಣ ಫೋನ್ ಮೇಲೆ ಫೋನ್. ಲೆಡ್ ಜೆಪ್ಲಿನ್ ಬ್ಯಾಂಡಿನ ಹೊಸ ರೆಕಾರ್ಡಾ ಅಂತ ಸುಮಾರು ಜನ ವಿಚಾರಿಸಿದರಂತೆ. ಆ ಫೋನ್‌ಗಳಿಂದಲೇ ಅಮೆರಿಕದ ಮರ್ಕ್ಯುರಿ ಕಂಪನಿ ರಷ್ ಕಡೆ ತಿರುಗಿ ನೋಡಿತು.

ಆ ಹಾಡು ಪ್ರಾಗ್ ಅಲ್ಲವೇ ಅಲ್ಲ, ನೇರ ರಾಕ್. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ನಮ್ಮ ಊರಿಗೆ ಅದನ್ನು ಬಿಡಿಸಿ ಹೇಳುವುದೇ ಬೇಡ. ಕ್ಲೀವ್‌ಲ್ಯಾಂಡಿನಲ್ಲಿ ಶಿಫ್ಟ್ ಮುಗಿಸಿ ಬಂದವರಿಗೆ ತಮ್ಮ ದಿನವನ್ನೇ ಯಾರೋ ಹಾಡಿದ ಹಾಗೆ ಇತ್ತು. ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ಎಷ್ಟೋ ಜನ ಎರಡು ವರ್ಷದ ಮೇಲೆ, 1976ರಲ್ಲಿ, ಅದೇ ಬ್ಯಾಂಡಿನ '2112' ಕೇಳುತ್ತಾ ಕೂತರು. ಒಂದು ಸೈಡ್ ಪೂರ್ತಿ ಒಂದೇ ಕಥೆ, 20 ನಿಮಿಷ. ಅದರ ಹಿಂದಿನ ರೆಕಾರ್ಡ್ ಓಡದೆ ಕಂಪನಿಯವರು ಸಣ್ಣ ಹಾಡು ಮಾಡಿ ಅಂತ ಒತ್ತಾಯ ಮಾಡುತ್ತಿದ್ದಾಗ ಇವರು ಮಾಡಿದ್ದು ಇದು. ಓದುವ ಮಾತು, ಹಾಡುವ ಹಾಡು ಎಲ್ಲವನ್ನೂ ಪುರೋಹಿತರೇ ಗೊತ್ತು ಮಾಡುವ ಒಂದು ಲೋಕ. ಅಲ್ಲೊಬ್ಬನಿಗೆ ಜಲಪಾತದ ಹಿಂದಿನ ಗುಹೆಯಲ್ಲಿ ಹಳೇ ಗಿಟಾರ್ ಸಿಗುತ್ತದೆ. ಅದು ಏನು ಅಂತ ಹೇಳಿಕೊಡುವವರು ಯಾರೂ ಇಲ್ಲ. ತಂತಿ ಸುಮ್ನೆ ಮೀಟುತ್ತಾನೆ, ಬಿರಡೆ ತಿರುವುತ್ತಾನೆ, ಶ್ರುತಿ ಕೂಡುತ್ತದೆ. ರೆಕಾರ್ಡಿನಲ್ಲಿ ಗಿಟಾರ್ ನಿಜವಾಗಿಯೂ ಶ್ರುತಿ ಸೇರುವುದನ್ನು ಕೇಳಬಹುದು. ಸಭೆಯಲ್ಲಿ ಆ ಭಾಗ ಹಾಕಿದಾಗ ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತಿದರು. ನಾನು ನೋಡಿದೆ.

ನಮ್ಮ ಚಿಕ್ಕಮ್ಮನ ವಿಷಯ ಹೇಳಬೇಕು. ವೀಣೆ ಪಾಠ ಹೇಳುತ್ತಿದ್ದರು. ಚಿಕ್ಕಪೇಟೆ ಮನೆಯಲ್ಲಿ ಸಾಯಂಕಾಲ ಆದರೆ ಸರಳೆ ವರಸೆ. ನಾನು ಒಂದು ದಿನ ಅವರ ಮನೆಯ ಟೇಪ್ ರೆಕಾರ್ಡರಿನಲ್ಲಿ ಪಿಂಕ್ ಫ್ಲಾಯ್ಡ್‌ನ 1973ರ ರೆಕಾರ್ಡ್ ಹಾಕಿದ್ದೆ. 'ಮನಿ' ಅನ್ನುವ ಹಾಡು. ಚಿಲ್ಲರೆ ಝಣಝಣ ಅನ್ನುತ್ತದೆ, ಅಂಗಡಿಯ ಗಲ್ಲಾ ತೆರೆಯುತ್ತದೆ, ಕಾಗದ ಹರಿಯುತ್ತದೆ. ಇವೆಲ್ಲ ಟೇಪಿನ ತುಂಡುಗಳನ್ನು ಅಳೆದು ಕತ್ತರಿಸಿ, ಅಂಟಿಸಿ, ಸುತ್ತು ಹಾಕಿ ಮಾಡಿದ್ದು. ಆ ಸದ್ದುಗಳೇ ಒಂದು ಲಯದಲ್ಲಿ ಬರುತ್ತವೆ. ಚಿಕ್ಕಮ್ಮ ಹುರುಳಿಕಾಯಿ ಬಿಡಿಸುತ್ತಿದ್ದರು. ಕೈ ನಿಂತಿತು. ತೊಡೆ ಮೇಲೆ ತಾಳ ಹಾಕಿದರು, ಮತ್ತೆ ಹಾಕಿದರು.

"ಲೋ, ಇದು ಏಳು ಕಣೋ. ಮಿಶ್ರ ಚಾಪು!"

ಹೌದು, ಆ ಹಾಡು ಏಳರ ಎಣಿಕೆಯಲ್ಲಿದೆ. ಬೇಸ್ ಗಿಟಾರಿನ ಸಾಲು ಏಳಕ್ಕೆ ಮುಗಿದು ಮತ್ತೆ ಶುರುವಾಗುತ್ತದೆ. ಅವರು ಸ್ಯಾಕ್ಸೋಫೋನ್ ಮುಗಿಯುವವರೆಗೂ ತಾಳ ಬಿಡಲಿಲ್ಲ. ಗಿಟಾರ್ ಶುರುವಾದಾಗ ಎಡವಿದರು. ಯಾಕಂದರೆ ಅಲ್ಲಿ ಹಾಡು ನಾಲ್ಕರ ನಡೆಗೆ ಹಾರುತ್ತದೆ. "ಮೋಸ ಮಾಡಿಬಿಟ್ಟ!" ಅಂತ ನಕ್ಕರು. ಆಮೇಲೆ, "ಇನ್ನೊಂದ್ಸಲ ಹಾಕು" ಅಂದರು.

ಚಿಕ್ಕಮ್ಮನಿಗೆ ಇಂಗ್ಲಿಷ್ ಹಾಡಿನ ಮಾತು ಒಂದೂ ಅರ್ಥ ಆಗುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ರಾಕ್ ಅಂದರೆ ಒಂದೇ ಸಮ ಬಡಿಯುವುದು ಅಂತ ಅವರು ತಿಳಿದಿದ್ದರು. ಲೆಕ್ಕ ಇದೆ ಅಂತ ಗೊತ್ತಾದ ಮೇಲೆ ಅವರ ಕಣ್ಣಿನಲ್ಲಿ ಆ ಹುಡುಗರಿಗೆ ಮರ್ಯಾದೆ ಬಂತು. ನಮ್ಮ ಕಡೆಯವರು ಪ್ರಾಗ್ ಕೇಳುವುದಕ್ಕೆ ಇದು ತುಂಬಾ ಒಳ್ಳೆಯ ಬಾಗಿಲು ಅಂತ ನನ್ನ ಅನಿಸಿಕೆ. ಅಮೆರಿಕದ ಹುಡುಗ ಏಳರ ಲಯ ಕೇಳಿ ಗಾಬರಿ ಬಿದ್ದಾನು. ಇಲ್ಲಿ ಸಂಗೀತ ಪಾಠಕ್ಕೆ ಹೋಗುವ ಹುಡುಗಿ ಅದನ್ನು ಬೆರಳಲ್ಲೇ ಎಣಿಸುತ್ತಾಳೆ. ಬೆಂಗಳೂರಿನ ಅಗಮ್ ಬ್ಯಾಂಡ್ ಕರ್ನಾಟಕ ಸಂಗೀತವನ್ನೂ ಪ್ರಾಗ್ ರಾಕನ್ನೂ ಸೇರಿಸಿ ನುಡಿಸುತ್ತದೆ. ಅದನ್ನು ಕೇಳಿ, ಅಲ್ಲಿಂದ ಹಿಂದಕ್ಕೆ ನಡೆದು 70ರ ದಶಕದ ಇಂಗ್ಲೆಂಡಿಗೆ ಹೋದವರು ನನಗೆ ಗೊತ್ತು.

ಇನ್ನೊಬ್ಬ ಗೆಳೆಯನ ಕಥೆ ನನ್ನ ವಾದಕ್ಕೆ ಸ್ವಲ್ಪ ಅಡ್ಡ ಬರುತ್ತದೆ, ಆದರೂ ಬಿಡಲು ಮನಸ್ಸಿಲ್ಲ. ಕೊರಟಗೆರೆ ಕಡೆಯವನು, ಜಿಕೆವಿಕೆಯಲ್ಲಿ ಬಿ.ಎಸ್ಸಿ. ಅಗ್ರಿ ಓದುತ್ತಿದ್ದ. ಪಾಠದಲ್ಲಿ ಜೆತ್ರೋ ಟಲ್ ಹೆಸರು ಇತ್ತು. 1701ರ ಸುಮಾರಿಗೆ ಕುದುರೆ ಎಳೆಯುವ, ಸಾಲಿಗೆ ಬೀಜ ಬೀಳಿಸುವ ಯಂತ್ರ ಮಾಡಿದ ಇಂಗ್ಲೆಂಡಿನ ರೈತ. ನಮ್ಮಲ್ಲಿ ಕೂರಿಗೆ ಇತ್ತಲ್ಲ, ಇದೇನು ದೊಡ್ಡದು ಅಂತ ಇವನು ಮೇಷ್ಟ್ರ ಹತ್ತಿರ ವಾದ ಮಾಡಿದ್ದನಂತೆ. ಒಂದು ದಿನ ಬ್ರಿಗೇಡ್ ರೋಡಿನ ಕ್ಯಾಸೆಟ್ ಅಂಗಡಿಯಲ್ಲಿ ಅದೇ ಹೆಸರು ಕಂಡಿತು. ಆಕಾಶವಾಣಿಯ ಕೃಷಿರಂಗದ ಥರ ಏನೋ ಇರಬೇಕು, ಪರೀಕ್ಷೆಗೆ ಆಗುತ್ತದೆ ಅಂತ ಕೊಂಡ. ರೂಮಿಗೆ ಬಂದು ಹಾಕಿದರೆ ಒಬ್ಬ ಒಂಟಿ ಕಾಲಲ್ಲಿ ನಿಂತು ಕೊಳಲು ಊದುತ್ತಿದ್ದಾನೆ. ಒಂಟಿ ಕಾಲು ಕ್ಯಾಸೆಟ್ಟಿನಲ್ಲಿ ಹೇಗೆ ಕಾಣಿಸಿತೋ, ಅವನು ಹೇಳುವುದು ಹಾಗೇ. ಇವತ್ತು ಅವನಿಗೆ ದಾಳಿಂಬೆ ತೋಟ ಇದೆ. ಜೆತ್ರೋ ಟಲ್‌ನ ಎಲ್ಲ ರೆಕಾರ್ಡೂ ಇವೆ.

ಬ್ಯಾಂಡಿಗೆ ಆ ಹೆಸರು ಬಂದದ್ದೂ ಅಂಥದ್ದೇ ಆಕಸ್ಮಿಕ. 1968ರ ಹೊತ್ತಿಗೆ ಇವರಿಗೆ ಯಾರೂ ಎರಡನೇ ಸಲ ಕಾರ್ಯಕ್ರಮ ಕೊಡುತ್ತಿರಲಿಲ್ಲ. ಹಾಗಾಗಿ ಆಗಾಗ ಹೆಸರು ಬದಲಿಸಿಕೊಂಡು ಹೋಗುತ್ತಿದ್ದರು. ಏಜೆಂಟ್ ಕಚೇರಿಯಲ್ಲಿ ಚರಿತ್ರೆ ಓದಿಕೊಂಡವನೊಬ್ಬ ಈ ರೈತನ ಹೆಸರು ಇಟ್ಟ. ಆ ಹೆಸರಿನಲ್ಲಿ ಹೋದಾಗ ಮತ್ತೆ ಬನ್ನಿ ಅಂದರು. ಹೆಸರು ಅಂಟಿಕೊಂಡಿತು.

ಹೆಸರಿನಿಂದ ನಷ್ಟ ಆದವರೂ ಇದ್ದಾರೆ. ಜೆನೆಸಿಸ್ ಬ್ಯಾಂಡಿನ ಮೊದಲ ರೆಕಾರ್ಡ್ 1969ರಲ್ಲಿ ಬಂತು. ಬೈಬಲಿನ ಮೊದಲ ಪುಸ್ತಕ, ಕೊನೆಯ ಪುಸ್ತಕ ಎರಡರ ಹೆಸರೂ ಅದರ ತಲೆಬರಹದಲ್ಲಿ. ಕಪ್ಪು ಹೊದಿಕೆ, ಚಿನ್ನದ ಬಣ್ಣದ ಅಕ್ಷರ. ಅಂಗಡಿಯವರು ಅದನ್ನು ಭಕ್ತಿಗೀತೆಗಳ ಜೊತೆ ಇಟ್ಟುಬಿಟ್ಟರು. ರಾಕ್ ಹುಡುಕುವವನು ಆ ಕಡೆ ಹೋಗುವುದಿಲ್ಲ, ಆ ಕಡೆ ಹೋದವನಿಗೆ ಇದು ಬೇಕಾಗಿಲ್ಲ.

ಅದೇ ಜೆನೆಸಿಸ್ ಮುಂದೆ ಬೆಳೆದದ್ದು ನೋಟದಿಂದ. ಗುಬ್ಬಿ ಪಕ್ಕದಲ್ಲೇ ಇರುವ ನಮಗೆ ಇದನ್ನು ಹೇಳಲು ಖುಷಿ. ಗುಬ್ಬಿ ಕಂಪನಿ 'ಕುರುಕ್ಷೇತ್ರ' ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಮಾತು ಕೇಳಿಸದಷ್ಟು ಹಿಂದೆ ಕೂತವನೂ ಆನೆ ನೋಡಿಕೊಂಡು ಹೋಗಿ ಊರಲ್ಲಿ ಹೇಳುತ್ತಿದ್ದ. 1972ರ ಸೆಪ್ಟೆಂಬರಿನಲ್ಲಿ ಡಬ್ಲಿನ್‌ನಲ್ಲಿ ಜೆನೆಸಿಸ್ ಹಾಡುಗಾರ ಪೀಟರ್ ಗೇಬ್ರಿಯಲ್ ಹಾಡಿನ ನಡುವೆ ಮರೆಗೆ ಹೋದ. ವಾಪಸ್ ಬಂದಾಗ ಹೆಂಡತಿಯ ಕೆಂಪು ಗೌನ್ ತೊಟ್ಟಿದ್ದ, ತಲೆಗೆ ನರಿಯ ಮುಖವಾಡ. ಜೊತೆಯ ವಾದ್ಯದವರಿಗೂ ಮೊದಲೇ ಹೇಳಿರಲಿಲ್ಲ. ಜನ ದಂಗಾದರು. ಪತ್ರಿಕೆಯ ಮುಖಪುಟದಲ್ಲಿ ಫೋಟೋ ಬಂತು. ಆ ಫೋಟೋ ನೋಡಿ, ಈ ನರಿ ಯಾರು ಅಂತ ಟಿಕೆಟ್ ತೆಗೆದುಕೊಂಡವರು ಎಷ್ಟು ಜನವೋ. ಅದಕ್ಕೂ ಮುಂಚೆ ಇಂಗ್ಲೆಂಡಿನವರು ಇವರನ್ನು ಅಷ್ಟಾಗಿ ಕೇಳದಿದ್ದಾಗ ಬೆಲ್ಜಿಯಂ, ಇಟಲಿಯವರು ತಲೆ ಮೇಲೆ ಹೊತ್ತುಕೊಂಡಿದ್ದರು. ಇಟಲಿಗೆ ಒಪೆರಾ ಗೊತ್ತಲ್ಲ, ಹಾಡೂ ನಾಟಕವೂ ಬೆರೆತರೆ ಅವರಿಗೆ ಅದು ಹೊಸದಲ್ಲ.

ನೋಟದ ಮಾತು ಬಂತು. ಎಂ.ಜಿ. ರೋಡಿನಲ್ಲಿ, ನಮ್ಮ ತುಮಕೂರಿನ ಎಂ.ಜಿ. ರೋಡಿನಲ್ಲೇ, ಫುಟ್‌ಪಾತಿನಲ್ಲಿ ಒಂದು ಕಪ್ಪು ಟೀ ಶರ್ಟ್ ನೇತು ಹಾಕಿರುತ್ತಾರೆ. ಮಧ್ಯದಲ್ಲಿ ತ್ರಿಕೋನದ ಗಾಜು, ಈ ಕಡೆಯಿಂದ ಬಿಳಿ ಬೆಳಕು, ಆ ಕಡೆಗೆ ಕಾಮನಬಿಲ್ಲು. ಪಿಂಕ್ ಫ್ಲಾಯ್ಡ್‌ನ ಅದೇ 1973ರ ರೆಕಾರ್ಡಿನ ಹೊದಿಕೆ, ಹಿಪ್ನೋಸಿಸ್ ಅನ್ನುವ ವಿನ್ಯಾಸದವರ ಕೆಲಸ. ಆ ರೆಕಾರ್ಡ್, ಚೆನ್ನಾಗಿ ಓಡುವ ರೆಕಾರ್ಡುಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರ ಹೊತ್ತಿಗೆ ಒಟ್ಟು 741 ವಾರ ಇತ್ತು. ಹುಡುಗರು ಹಾಕಿಕೊಂಡು ಓಡಾಡುತ್ತಾರೆ. ಬ್ಯಾಂಡ್ ಯಾವುದು ಅಂತ ಕೇಳಿದರೆ, "ಡಿಸೈನ್ ಚೆನ್ನಾಗಿತ್ತು ಅಂಕಲ್" ಅನ್ನುತ್ತಾರೆ.

ನಮ್ಮಲ್ಲಿ ಕೆಲವರಿಗೆ ಇದು ಕೋಪ ಬರಿಸುತ್ತದೆ. ಹುಡುಗನನ್ನು ನಿಲ್ಲಿಸಿ, ಮೂರು ಹಾಡು ಹೇಳು ನೋಡೋಣ ಅಂತ ಪರೀಕ್ಷೆ ಮಾಡುತ್ತಾರೆ. ಇದು ಕೆಟ್ಟ ಚಾಳಿ. ಕಿಂಗ್ ಕ್ರಿಮ್ಸನ್ ಮೊದಲ ರೆಕಾರ್ಡನ್ನು ಎಷ್ಟೋ ಜನ ಮುಟ್ಟಿದ್ದೇ ಹೊದಿಕೆಯ ಮೇಲೆ ಬಾಯಿ ತೆರೆದು ಕಿರುಚುವ ಆ ಕೆಂಪು ಮುಖ ನೋಡಿ. ಅದನ್ನು ಬರೆದ ಬ್ಯಾರಿ ಗಾಡ್ಬರ್ 24ನೇ ವಯಸ್ಸಿಗೇ, 1970ರಲ್ಲಿ ತೀರಿಕೊಂಡ. ಒಳಗಿನ ಹಾಡು ಕೇಳದೆ ಹೊದಿಕೆ ಮೆಚ್ಚಿ ಕೊಂಡವರು ನಕಲಿಗಳೇನಲ್ಲ. ಟೀ ಶರ್ಟ್ ಹಾಕಿದ ಹುಡುಗನೂ ಅಷ್ಟೇ. ಅವನಿಗೆ ಪ್ರಶ್ನೆ ಬೇಡ, ಒಂದು ಹಾಡಿನ ಲಿಂಕ್ ಕಳಿಸಿ.

ಈಗಿನವರ ಬಾಗಿಲು ಯಾವುದು ಅಂತ ನನಗೆ ತೋರಿಸಿದವನು ಅಕ್ಕನ ಮಗ. ಯೆಸ್ ಬ್ಯಾಂಡಿನ 'ರೌಂಡಬೌಟ್' ಅಂತ ಹಾಡಿದೆ, 1971ರದು, ಎಂಟೂವರೆ ನಿಮಿಷ. ಮನೆಯಲ್ಲಿ ಅದನ್ನು ಹಾಕಿದ್ದೆ. ಮೊದಲ ಗಿಟಾರ್ ಮೀಟು ಬಿದ್ದ ತಕ್ಷಣ ಒಳಗಿನಿಂದ ಓಡಿ ಬಂದ.

"ಮಾಮ, ಇದು ಜೋಜೋ ಅಲ್ವಾ?"

ಜಪಾನಿನ ಒಂದು ಕಾರ್ಟೂನ್ ಧಾರಾವಾಹಿಯಂತೆ, 2012ರದು. ಪ್ರತಿ ಕಂತಿನ ಕೊನೆಗೆ ಕಥೆ ತುದಿಗಾಲಲ್ಲಿ ನಿಂತಿರುವಾಗ ಈ ಗಿಟಾರ್ ಶುರುವಾಗುತ್ತದೆ, ಮುಂದುವರಿಯುವುದು ಅಂತ ಬಾಣದ ಗುರುತು ಬರುತ್ತದೆ. ಅದನ್ನೇ ಹಿಡಿದು ಜನ ಸಾವಿರಾರು ತಮಾಷೆ ವಿಡಿಯೋ ಮಾಡಿದರು. ಯಾರೋ ಬೈಕಿನಲ್ಲಿ ಚರಂಡಿ ಕಡೆ ಹೋಗುತ್ತಿರುತ್ತಾನೆ, ಬೀಳುವ ಒಂದು ಕ್ಷಣ ಮುಂಚೆ ಚಿತ್ರ ನಿಲ್ಲುತ್ತದೆ, ಯೆಸ್ ಗಿಟಾರ್ ಬರುತ್ತದೆ. ನಮ್ಮ ಹುಡುಗನಿಗೆ ಆ ಹಾಡಿನ ಮೊದಲ ಹದಿನೈದಿಪ್ಪತ್ತು ಸೆಕೆಂಡ್ ಬಾಯಿಪಾಠ. ಮುಂದೆ ಎಂಟು ನಿಮಿಷ ಇದೆ ಅಂತ ಗೊತ್ತೇ ಇರಲಿಲ್ಲ! ಆವತ್ತು ಪೂರ್ತಿ ಕೇಳಿದ. ಈಗ ಬೇಸ್ ಗಿಟಾರ್ ಕಲಿಯುತ್ತಿದ್ದಾನೆ, ಅಕ್ಕ ನನ್ನನ್ನು ಬೈಯುತ್ತಾಳೆ.

ಹಳಬರಿಗೆ ಇಂಥ ಬಾಗಿಲು ಕಂಡರೆ ಆಗುವುದಿಲ್ಲ. 1983ರಲ್ಲಿ ಯೆಸ್ ಒಂದು ಕುಣಿಯುವ ಹಾಡು ಮಾಡಿ, 1984ರ ಜನವರಿಯಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದಾಗಲೂ ಹೀಗೇ ಮೂಗು ಮುರಿದಿದ್ದರು. ಆ ಹಾಡಿನಿಂದ ಒಳಗೆ ಬಂದು, 1972ರ 18 ನಿಮಿಷದ ಹಾಡಿಗೆ ತಲುಪಿದವರು ಇದ್ದಾರೆ. ಹಿತ್ತಲ ಬಾಗಿಲಿನಿಂದ ಬಂದವನೂ ಅದೇ ನಡುಮನೆಯಲ್ಲಿ ಕೂರುತ್ತಾನೆ.

ಹಾಡುವವರಿಗೂ ಯಾರೋ ಒಬ್ಬರು ಕೊಟ್ಟಿರುತ್ತಾರೆ, ಗೊತ್ತಾ? 1973ರಲ್ಲಿ ಯೆಸ್ ಬ್ಯಾಂಡಿನ ಹಳೇ ಡ್ರಮ್ಮರ್ ಬಿಲ್ ಬ್ರೂಫರ್ಡ್ ಮದುವೆ. ಅಲ್ಲಿ ಕಿಂಗ್ ಕ್ರಿಮ್ಸನ್‌ನ ಜೇಮಿ ಮ್ಯೂರ್ ಅನ್ನುವವನು ಯೆಸ್ ಹಾಡುಗಾರ ಜಾನ್ ಆ್ಯಂಡರ್ಸನ್‌ಗೆ ಪರಮಹಂಸ ಯೋಗಾನಂದರ ಆತ್ಮಕಥೆಯ ವಿಷಯ ಹೇಳಿದ. ಆ್ಯಂಡರ್ಸನ್ ಅದನ್ನು ಓದುತ್ತಾ ಹೋದ. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಅಂತ ನಾಲ್ಕು ಬಗೆ ಶಾಸ್ತ್ರದ ಬಗ್ಗೆ ಒಂದು ಅಡಿಟಿಪ್ಪಣಿ ಕಣ್ಣಿಗೆ ಬಿತ್ತು. ಅಡಿಟಿಪ್ಪಣಿ! ಅಷ್ಟರಿಂದ ಎರಡು ತಟ್ಟೆ, ನಾಲ್ಕು ಸೈಡ್, 80 ನಿಮಿಷದ ರೆಕಾರ್ಡ್ ಹುಟ್ಟಿತು. ಬ್ಯಾಂಡಿನ ಕೀಬೋರ್ಡಿನವನು ರಿಕ್ ವೇಕ್‌ಮನ್‌ಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಕಾರ್ಯಕ್ರಮ ನಡೆಯುತ್ತಿರುವಾಗಲೇ ವೇದಿಕೆ ಮೇಲೆ ಕೋಳಿ ಸಾರು ತರಿಸಿಕೊಂಡು ತಿಂದೆ ಅಂತ ಅವನೇ ಹೇಳಿಕೊಂಡಿದ್ದಾನೆ. ನಾಲ್ಕು ಶಾಸ್ತ್ರದ ನಡುವೆ ಕೋಳಿ ಸಾರು. ನನಗೆ ಆ ರೆಕಾರ್ಡ್ ಇಷ್ಟ, ಆದರೆ ವೇಕ್‌ಮನ್ ಕಷ್ಟವೂ ಅರ್ಥ ಆಗುತ್ತದೆ.

ಕೊಡುವವರು ಹಾಡಿನ ಜೊತೆ ಒಂದು ಕಥೆಯನ್ನೂ ಕೊಡುತ್ತಾರೆ. ಮೊದಲು ಹಾಕಿದ ಆ ಎಂಟು ನಿಮಿಷ ಕಾಯಿಸುವ ಹಾಡಿಗೆ ಅಣ್ಣ ಕೊಟ್ಟ ಕಥೆ ಇದು. ಸಿಡ್ ಬ್ಯಾರೆಟ್ ಅಂತ ಪಿಂಕ್ ಫ್ಲಾಯ್ಡ್ ಕಟ್ಟಿದವರಲ್ಲಿ ಒಬ್ಬ. ಮನಸ್ಸಿನ ಸ್ಥಿತಿ ಕೆಟ್ಟು 1968ರಲ್ಲಿ ಬ್ಯಾಂಡ್ ಬಿಡಬೇಕಾಯಿತು. ಆ ಹಾಡು ಅವನ ಮೇಲೆಯೇ ಬರೆದದ್ದು. 1975ರ ಜೂನ್ 5ರಂದು ಲಂಡನ್ನಿನ ಅಬೆ ರೋಡ್ ಸ್ಟುಡಿಯೋದಲ್ಲಿ ಇವರು ಆ ರೆಕಾರ್ಡಿನ ಕೆಲಸ ಮಾಡುತ್ತಿದ್ದಾಗ ಒಬ್ಬ ದಪ್ಪ ಮನುಷ್ಯ ಬಂದು ನಿಂತ. ತಲೆ ಬೋಳು, ಹುಬ್ಬೂ ಬೋಳು. ಯಾರೋ ಸ್ಟುಡಿಯೋದವನಿರಬೇಕು ಅಂದುಕೊಂಡರು. ಅದು ಸಿಡ್ ಅಂತ ಗೊತ್ತಾಗುವುದಕ್ಕೆ ಸುಮಾರು ಹೊತ್ತು ಹಿಡಿಯಿತು. ಈ ಕಥೆ ಕೇಳಿದ ಮೇಲೆ ಎಂಟು ನಿಮಿಷ ಕಾಯುವುದು ಯಾರಿಗೂ ಕಷ್ಟ ಅನ್ನಿಸುವುದಿಲ್ಲ.

2002ರಲ್ಲಿ, ಹಿಂದೆ ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿಗೆ, ಅರಮನೆ ಮೈದಾನಕ್ಕೆ ಬಂದಾಗ ಇಲ್ಲಿಂದ ಒಂದು ಗುಂಪು ಹೋಗಿದ್ದೆವು. ಅದರಲ್ಲಿ ಇಬ್ಬರು ಸುಮ್ನೆ ಜೊತೆಗೆ ಬಂದವರು, ಬ್ಯಾಂಡ್ ಹೆಸರೂ ಗೊತ್ತಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮನ್ನು ಮಲಗಲು ಬಿಡದೆ ಪ್ರಶ್ನೆ ಕೇಳಿದವರು ಅವರೇ.

ಮಾತು ಮುಗಿದ ಮೇಲೆ ಸಭೆಯಲ್ಲಿ ಪ್ರಶ್ನೆಗಳಿದ್ದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ತಿಪಟೂರಿನಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರು, "ಅಲ್ಲಪ್ಪ, ಹಾಡು ಇಷ್ಟುದ್ದ ಯಾಕೆ?" ನಾನು ಬಾಯಿ ತೆರೆಯುವ ಮುಂಚೆ ಅವರ ಪಕ್ಕದಲ್ಲಿದ್ದವರು, "ನಿಮ್ಮೂರಲ್ಲಿ ಮೂಡಲಪಾಯ ಎಷ್ಟೊತ್ತು ಆಡ್ತಾರೆ?" ಅಂದರು. "ಬೆಳಗಾಗೋವರೆಗೂ." "ಮತ್ತೆ?" ಹಿರಿಯರು ನಕ್ಕರು. ಆದರೂ ಬಿಡಲಿಲ್ಲ, "ಅದರಲ್ಲಿ ಕಥೆ ಇರ್ತದೆ" ಅಂದರು. ಇವುಗಳಲ್ಲೂ ಸುಮಾರು ಕಡೆ ಇರುತ್ತದೆ ಅಂತ ಹೇಳಿದೆ. ಕಥೆಯೇ ಇಲ್ಲದೆ ಸುಮ್ನೆ ಎಳೆದ ಹಾಡುಗಳೂ ಈ ಜಾತಿಯಲ್ಲಿ ಬೇಕಾದಷ್ಟಿವೆ. ಅವನ್ನು ಸಮರ್ಥಿಸಲು ನಾನು ಬಂದಿಲ್ಲ.

ಕೊನೆಯ ಪ್ರಶ್ನೆ ಡಿಗ್ರಿ ಓದುವ ಹುಡುಗಿಯದು. "ಸರ್, ನನಗೆ ಅಣ್ಣಾನೂ ಇಲ್ಲ, ಹಾಸ್ಟೆಲ್ಲೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?"

ನಿಮಗೆ ಈಗಾಗಲೇ ಏನು ಇಷ್ಟ ಅಂತ ಕೇಳಿದೆ. ನಾಟಕ ಅಂದರು, ಕಾಲೇಜಿನಲ್ಲಿ ಪಾರ್ಟು ಮಾಡುತ್ತಾರಂತೆ. ಹಾಗಾದರೆ ಪಿಂಕ್ ಫ್ಲಾಯ್ಡ್ ಬೇಡ, ನೇರವಾಗಿ ಜೆನೆಸಿಸ್‌ಗೆ ಹೋಗಿ ಅಂದೆ. 1972ರ 'ಸಪರ್ಸ್ ರೆಡಿ', ಒಬ್ಬನೇ ಏಳೆಂಟು ಪಾತ್ರ ಹಾಡುತ್ತಾನೆ. ಮಾತುಗಳನ್ನು ಎದುರಿಗೆ ಇಟ್ಟುಕೊಂಡು ಕೇಳಿ. ಒಂದು ಸಲಕ್ಕೆ ತೀರ್ಪು ಕೊಡಬೇಡಿ, ಮೂರನೇ ಸಲವೂ ಹಿಡಿಸದಿದ್ದರೆ ಬಿಟ್ಟುಬಿಡಿ, ಬೇರೆ ನೋಡೋಣ.

"ಎಷ್ಟುದ್ದ ಸರ್?"

"23 ನಿಮಿಷ."

ಅವರು ಲೆಕ್ಕ ಹಾಕಿದರು. "ನಾನು ದಿನಾ ಗುಬ್ಬಿಯಿಂದ ಬಸ್ಸಲ್ಲಿ ಬರ್ತೀನಿ ಸರ್. ಹೆಗ್ಗೆರೆ ಹೊತ್ತಿಗೆ ಮುಗಿದುಹೋಗುತ್ತೆ. ಆಮೇಲೆ ಏನು ಕೇಳ್ಲಿ?"

ರಷ್ ಬರೆದುಕೊಳ್ಳಿ ಅಂದೆ. ಬರೆದುಕೊಂಡರು.